ಮಹಾಲಿಂಗಪುರದಲ್ಲೇ ಇಳಿದವನು

ಬನಹಟ್ಟಿಯ ಆ ಓಣಿಯಲ್ಲಿ ಮನೆಮನೆಗೂ ಪಾವರ್‌ಲೂಮ್ ಬಂದ ಮೇಲೂ ಮಲ್ಲಿನಾಥ ಒಬ್ಬನೇ ಕುಣಿ ಮಗ್ಗ ಬಿಡಲಿಲ್ಲ. ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು, ಕೈಯಿಂದಲೇ ಲಾಳಿ ಓಡಿಸಿ ಸೀರೆ ನೇಯುತ್ತಿದ್ದ. ನೇಕಾರರ ಸಂಘದವರು ಒಮ್ಮೆ ಕರೆದು ಶಾಲು ಹೊದಿಸಿ, ಹಿರಿಯರ ಕಸುಬು ಉಳಿಸಿದವ ಎಂದು ಹೊಗಳಿದರು. ಮಲ್ಲಿನಾಥ ತಲೆ ತಗ್ಗಿಸಿ ಕೂತಿದ್ದ. ಜನ ಅದನ್ನು ವಿನಯ ಅಂದುಕೊಂಡರು.

ಖರೆ ಸಂಗತಿ ಬೇರೆ ಇತ್ತು. ಪಾವರ್‌ಲೂಮಿನ ಪಾಳಿಗೆ ನಿಂತವನು ಏಳೆಂಟು ಸಲ ಮಗ್ಗ ನಿಲ್ಲಿಸಿ ಓಡಿದರೆ ಯಾವ ಮಾಲೀಕ ಸುಮ್ಮನಿದ್ದಾನು? ಕುಣಿ ಮಗ್ಗ ಮನೆಯೊಳಗಿತ್ತು. ಸಂಡಾಸ ಅಲ್ಲಿಂದ ಹತ್ತೇ ಹೆಜ್ಜೆ.

ಇಪ್ಪತ್ತೇಳನೇ ವಯಸ್ಸಿನಲ್ಲಿ ಅವನಿಗೆ ರಕ್ತಭೇದಿ ಶುರುವಾಗಿತ್ತು. ಮೂಲವ್ಯಾಧಿ ಎಂದುಕೊಂಡು ಎರಡು ವರ್ಷ ಸೊಪ್ಪು, ಬೇರು, ಪುಡಿ ಎಲ್ಲ ಮಾಡಿದ. ಕಡೆಗೆ ಬೆಳಗಾವಿಯ ಡಾಕ್ಟರ್ ಪೂರ್ಣಿಮಾ ಹಿಂದಿನಿಂದ ದುರ್ಬೀನಿನ ನಳಿಗೆ ಬಿಟ್ಟು ನೋಡಿ, ದೊಡ್ಡ ಕರುಳಿನ ತುಂಬ ಹುಣ್ಣಾಗಿವೆ, ಇದು ಬದುಕಿರುವ ತನಕ ಜೊತೆಗಿರುವ ರೋಗ ಅಂದರು. ಗುಳಿಗೆ ಕೊಟ್ಟರು. ಅಂದಿನಿಂದ ಹೆಂಡತಿ ಅನಸವ್ವ ಅವನ ತಾಟಿನಿಂದ ಖಾರದ ಚಟ್ನಿ ತೆಗೆದಳು, ರೊಟ್ಟಿ ಬಿಡಿಸಿ ಮೆತ್ತಗಿನ ಅನ್ನ ಮಜ್ಜಿಗೆಗೆ ರೂಢಿ ಮಾಡಿದಳು. ಮದುವೆ, ಮುಂಜಿ, ಸಾವು, ದಿನಕರ್ಮ, ಎಲ್ಲದಕ್ಕೂ ಅವಳೇ ಹೋಗಿ ಬಂದಳು. ಯಾಕೆ ಬರಲಿಲ್ಲ ಎಂದು ಕೇಳಿದವರಿಗೆ, "ಮಗ್ಗದ ಮ್ಯಾಲ ಸೀರಿ ಐತ್ರಿ" ಅನ್ನುತ್ತಿದ್ದಳು.

ಎಂಟು ವರ್ಷದ ಹಿಂದೆ ರೋಗ ಕೆರಳಿ ಮಲ್ಲಿನಾಥ ಹಾಸಿಗೆ ಹಿಡಿದ. ಆಗ ಡಾಕ್ಟರ್ ಪೂರ್ಣಿಮಾ ಬಾಯಾರು, "ಈ ಕರುಳ ತಗದ ಬಿಡೂದು ಛಲೋ. ಹೊಟ್ಟಿ ಮ್ಯಾಲ ಒಂದು ಚೀಲ ಹಚ್ಚತೀವಿ, ಮಲ ಅದರಾಗ ಬೀಳತೈತಿ. ರೋಗದ ಬೇರ ಹೋಗತೈತಿ" ಅಂದರು.

"ಚೀಲಾ ಕಟಗೊಂಡು ಹೆಂಗ ಬಾಳ್ವೆ ಮಾಡ್ಲಿರಿ? ಅದಕ್ಕಿಂತ ಸಾಯೂದು ಪಾಡ" ಎಂದ ಮಲ್ಲಿನಾಥ.

ಅವರು ಒತ್ತಾಯ ಮಾಡಲಿಲ್ಲ. ಬೇರೆ ಔಷಧಿಗೆ ರೋಗ ತಣ್ಣಗಾಯಿತು. ಆದರೆ ಒಂದು ಮಾತು ಕಟ್ಟುನಿಟ್ಟಾಗಿ ಹೇಳಿ ಕಳಿಸಿದರು: ಇಷ್ಟು ವರ್ಷ ಹುಣ್ಣಾದ ಕರುಳಿನಲ್ಲಿ ಕ್ಯಾನ್ಸರ್ ಹುಟ್ಟುವ ಸಂಭವವಿದೆ, ವರ್ಷಕ್ಕೊಮ್ಮೆ ದುರ್ಬೀನು ತಪ್ಪಿಸಬಾರದು.

ನಾಲ್ಕು ವರ್ಷ ತಪ್ಪಿಸಲಿಲ್ಲ. ಐದನೇ ವರ್ಷ ಬೆಳಗಾವಿ ಬಸ್ಸು ಹತ್ತಿದವನು ಮಹಾಲಿಂಗಪುರದಲ್ಲೇ ಇಳಿದುಬಿಟ್ಟ. ಹೊಟ್ಟೆ ಖಾಲಿ ಮಾಡಲು ಕುಡಿಯಬೇಕಾದ ಆ ಔಷಧಿ, ರಾತ್ರಿಯೆಲ್ಲ ಸಂಡಾಸದಲ್ಲಿ ಕೂರುವುದು, ಮರುದಿನ ಹುಡುಗ ಡಾಕ್ಟರುಗಳ ಮುಂದೆ ಬೆತ್ತಲೆ ಮಲಗುವುದು, ಎಲ್ಲ ನೆನೆದು ಅವನ ಜೀವ ಹಿಂದೆ ಸರಿಯಿತು. ಆ ವರ್ಷ ಮೈ ಹಗುರಾಗಿತ್ತು ಬೇರೆ. ಬಸ್ ಸ್ಟ್ಯಾಂಡಿನ ಕಲ್ಲಿನ ಮೇಲೆ ಕೂತ. ಬೆಲ್ಲದ ಪೆಂಟೆ ಹೇರಿಕೊಂಡು ಹೋಗುವ ಗಾಡಿ ನೋಡಿದ. ಒಂದು ಚಹಾ ಕುಡಿದ. ಆ ರಾತ್ರಿ ಅಲ್ಲೇ ಪರಿಚಯದವರೊಬ್ಬರ ಮನೆಯಲ್ಲಿ ಕಳೆದು, ಮರುದಿನ ಸಂಜೆ ಮನೆಗೆ ಬಂದ.

"ಏನಂದ್ರರೀ ಡಾಕ್ಟರು?" ಎಂದು ಅನಸವ್ವ ಬಾಗಿಲಲ್ಲೇ ಕೇಳಿದಳು.

"ಎಲ್ಲಾ ಛಲೋ ಐತಂತ."

ಅವಳು ದೇವರ ಮುಂದೆ ದೀಪ ಹಚ್ಚಿದಳು. ಆ ದೀಪ ನೋಡಿ ಮಲ್ಲಿನಾಥನ ಎದೆ ಒಮ್ಮೆ ಚುರುಕ್ ಎಂದಿತು, ಖರೆ. ಆದರೆ ಮುಂದಿನ ವರ್ಷವೂ ಹಾಗೇ ಮಾಡಿದ. ಅದರ ಮುಂದಿನ ಎರಡು ವರ್ಷ ಮನೆಯಿಂದ ಹೊರಡಲೇ ಇಲ್ಲ. ಈಗ ಮೂರು ವರ್ಷಕ್ಕೊಮ್ಮೆ ಬಂದರೆ ಸಾಕಂತೆ ಎಂದು ಇನ್ನೊಂದು ಸುಳ್ಳು ಹೇಳಿದ.

ಹೋದ ದೀಪಾವಳಿಯ ಹೊತ್ತಿಗೆ ಅವನು ಸೊರಗತೊಡಗಿದ. ಹೊಟ್ಟೆ ಉಬ್ಬಿ ಹಿಡಿದುಕೊಳ್ಳುತ್ತಿತ್ತು. ರಕ್ತ ಹೋದರೆ ಹಳೆಯ ರೋಗ ಅಂದುಕೊಂಡ. ನಿಶ್ಶಕ್ತಿಗೂ ಹಳೆಯ ರೋಗವೇ ನೆಪವಾಯಿತು. ಇಪ್ಪತ್ತೆರಡು ವರ್ಷ ಜೊತೆಗಿದ್ದ ಬೇನೆ. ಅದರ ಬೆನ್ನ ಹಿಂದೆ ಇನ್ನೊಂದು ಬಂದು ನಿಂತದ್ದು ಅವನಿಗೆ ತಿಳಿಯಲಿಲ್ಲ. ಒಂದು ದಿನ ಮಗ್ಗದ ಕುಣಿಯಿಂದ ಏಳಲಾರದೆ ಅಲ್ಲೇ ವಾಲಿಕೊಂಡಾಗ ಅನಸವ್ವ ಗಾಡಿ ಮಾಡಿಸಿ ಬೆಳಗಾವಿಗೆ ಕರೆದೊಯ್ದಳು.

ಪರೀಕ್ಷೆಗಳೆಲ್ಲ ಮುಗಿದು ಐದನೇ ದಿನ ಡಾಕ್ಟರ್ ಪೂರ್ಣಿಮಾ ಇಬ್ಬರನ್ನೂ ಕೂರಿಸಿಕೊಂಡು ಕ್ಯಾನ್ಸರ್ ಎಂದು ಹೇಳಿದರು. ಕರುಳು ದಾಟಿ ಪಕ್ಕದ ಗಂಟುಗಳಿಗೂ ಹಬ್ಬಿತ್ತು. ಹಳೆಯ ಫೈಲು ತಿರುವಿದ ಅವರು ಕನ್ನಡಕ ತೆಗೆದು, "ನಾಲ್ಕು ವರ್ಷ ಆತಲ್ಲ ಮಲ್ಲಿನಾಥ ಅವರ, ಯಾಕ ಬರಲಿಲ್ಲ? ಬಂದಿದ್ರ ಇದನ್ನ ಮೊದಲ ಹಿಡೀಬಹುದಿತ್ತು" ಅಂದರು.

ಅನಸವ್ವ ಗಂಡನ ಕಡೆ ತಿರುಗಿದಳು. ಅವನು ಮೇಜಿನ ಮೇಲಿನ ಫೈಲನ್ನೇ ನೋಡುತ್ತಿದ್ದ. ಹೊರಗೆ ಬಂದು ಬೆಂಚಿನ ಮೇಲೆ ಕೂತ ಮೇಲೆ ಕೇಳಿದಳು.

"ಎಲ್ಲಿ ಹೋಗತಿದ್ರಿ?"

"ಮಹಾಲಿಂಗಪುರದಾಗ ಇಳೀತಿದ್ದೆ."

"ಇಳದು?"

"ಕುಂದರತಿದ್ದೆ."

ಅನಸವ್ವ ಸೆರಗು ಬಾಯಿಗೆ ಒತ್ತಿಕೊಂಡಳು. "ನಾ ದೀಪಾ ಹಚ್ಚತಿದ್ನಲ್ಲರೀ" ಎಂದಳು. ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಆ ಮಾತು ತಡೆಯಲಾಗಲಿಲ್ಲ. ಆಮೇಲೆ ಅವಳೇ, ಅವನಿಗಲ್ಲ, ತನಗೇ ಎಂಬಂತೆ, "ನಾನರ ಒಂದ ಸಲ ಕೂಡ ಬರತೇನಿ ಅನಬೇಕಿತ್ತು. ಮನಿ, ಮಗ್ಗ ಅಂತ ಉಳಕೊಂಡೆ" ಎಂದಳು.

ವಾರದೊಳಗೆ ಆಪರೇಶನ್ ಆಯಿತು. ದೊಡ್ಡ ಕರುಳನ್ನೆಲ್ಲ ತೆಗೆದರು. ಹೊಟ್ಟೆಯ ಬಲಬದಿಗೆ ಚೀಲ ಬಂತು. ಮೊದಲ ತಿಂಗಳು ಮಲ್ಲಿನಾಥ ಅದನ್ನು ಕಣ್ಣೆತ್ತಿ ನೋಡಲಿಲ್ಲ. ಅನಸವ್ವನೇ ತೊಳೆದು ಬದಲಿಸುತ್ತಿದ್ದಳು. ತನ್ನ ಕೈಯೂ ಪಳಗಿದ ಮೇಲೆ ಅವನಿಗೆ ವಿಚಿತ್ರವಾದೊಂದು ಸಂಗತಿ ಅರಿವಿಗೆ ಬಂತು. ಬೇಸಿಗೆಯಲ್ಲಿ ತೇರದಾಳದ ನೆಂಟರ ಮದುವೆಗೆ ಹೋದವನು ಅಕ್ಕಿಕಾಳು ಹಾಕುವುದರಿಂದ ಹಿಡಿದು ಊಟದವರೆಗೆ ಒಂದೇ ಕುರ್ಚಿಯಲ್ಲಿ ಕೂತಿದ್ದ. ಒಮ್ಮೆಯೂ ಏಳಲಿಲ್ಲ, ಸಂಡಾಸ ಎಲ್ಲಿದೆ ಎಂದು ಹುಡುಕಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಹಾಗೆ ಕೂತದ್ದು ಅದೇ ಮೊದಲು. ಮನೆಗೆ ಬಂದವನೇ ಗೋಡೆಗೆ ಮುಖ ಮಾಡಿ ಮಲಗಿ ಅತ್ತ. ಇದೇ ಚೀಲವನ್ನು ಎಂಟು ವರ್ಷದ ಹಿಂದೆ ಒಪ್ಪಿಕೊಂಡಿದ್ದರೆ ಕ್ಯಾನ್ಸರ್ ಹುಟ್ಟಲು ಆ ಕರುಳೇ ಇರುತ್ತಿರಲಿಲ್ಲ.

ಕೀಮೋ ನಡೆದಿತ್ತು. ಒಂದು ಮುಂಜಾನೆ ಅನಸವ್ವ ಸಂತೆಗೆ ಹೋಗಿದ್ದಾಗ ಮಗಳು ಸ್ನೇಹಾ ಚೀಲ ಬದಲಿಸಲು ನೀರು ತಂದಳು. ಇಪ್ಪತ್ತರ ಹುಡುಗಿ, ಜಮಖಂಡಿಯ ಕಾಲೇಜಿಗೆ ಹೋಗುತ್ತಿದ್ದಳು. ಹತ್ತಿ ಕೊಡುತ್ತಾ ಕೊಡುತ್ತಾ ಅವಳ ಕೈ ನಿಂತಿತು.

"ಅಪ್ಪಾ, ನನಗೂ ರಕ್ತ ಬೀಳಾಕತ್ತೇತಿ."

ಮಲ್ಲಿನಾಥನಿಗೆ ಮೊದಲು ಅರ್ಥವಾಗಲಿಲ್ಲ. "ಎಲ್ಲಿ?"

"ನಿನಗ ಬೀಳತಿತ್ತಲ್ಲ, ಹಂಗ. ಯುಗಾದಿಯಿಂದ."

"ನಾಕು ತಿಂಗಳ ಆತಲ್ಲವ್ವಾ! ಅವ್ವಗ ಯಾಕ ಹೇಳಲಿಲ್ಲ?"

"ನಾಚಿಗಿ ಆತು. ಮತ್ತ ನಿನ್ನ ದವಾಖಾನಿ ನಡದಿತ್ತಲ್ಲ, ಅದರಾಗ ನನ್ನದೊಂದ ಯಾಕ ಅಂತ..." ಎಂದು ತಲೆ ತಗ್ಗಿಸಿದಳು. "ಕಾಲೇಜಿಗಿ ಹೋಗತೇನಂತ ಹೇಳಿ ಎಷ್ಟೋ ದಿನಾ ಗೆಳತಿ ರೂಮಿನ್ಯಾಗ ಮಲಗೇನಿ ಅಪ್ಪಾ."

ಮಲ್ಲಿನಾಥ ಕಣ್ಣು ಮುಚ್ಚಿದ. ಈ ಮನೆಯಲ್ಲಿ ಹೊಟ್ಟೆಯ ಮಾತನ್ನು ಯಾರೂ ಬಾಯಿಬಿಟ್ಟು ಆಡಿದ್ದಿಲ್ಲ. ಮಗಳಿಗೆ ಓದು, ಬರಹ, ಮಗ್ಗದ ಕೆಲಸ ಎಲ್ಲ ಕಲಿಸಿದ್ದ. ಮುಚ್ಚಿಡುವುದನ್ನು ಯಾರೂ ಹೇಳಿಕೊಡದಿದ್ದರೂ ಅವಳು ಕಲಿತಿದ್ದಳು.

ಮರುದಿನ ಮೂವರೂ ಬೆಳಗಾವಿಗೆ ಹೋದರು. ಅವನು ತನ್ನ ಸರದಿಯ ಕೀಮೋ ಮುಂದೆ ಹಾಕಿಸಿ ಮಗಳನ್ನು ಡಾಕ್ಟರ್ ಬಾಯಾರ ಮುಂದೆ ಕೂರಿಸಿದ. "ಬಾಯಾರ, ಈಕಿ ಏನೂ ಮುಚ್ಚಿಡೂದಿಲ್ಲ. ನಾನೂ ಈಗ ಎಲ್ಲಾ ಹೇಳತೇನಿ" ಎಂದು, ಮಹಾಲಿಂಗಪುರದ ಕಥೆಯನ್ನು ಮಗಳೆದುರೇ ಹೇಳಿದ. ಸ್ನೇಹಾ ಅಪ್ಪನ ಮುಖ ನೋಡುತ್ತಾ ಕೇಳಿದಳು.

ದುರ್ಬೀನಿನಲ್ಲಿ ಕಂಡದ್ದು ಅಪ್ಪನ ರೋಗವೇ. ಆದರೆ ಈಗಷ್ಟೇ ಶುರುವಾದದ್ದು, ಕರುಳಿನ ಕೊನೆಯ ಒಂದು ಗೇಣಷ್ಟರಲ್ಲಿ ಮಾತ್ರ. ಗುಳಿಗೆಯಿಂದ ಹಿಡಿತಕ್ಕೆ ಬರುತ್ತದೆ, ಹೇಳಿದ ಹೇಳಿದಾಗ ಬಂದು ತೋರಿಸುತ್ತಿರಬೇಕು ಎಂದರು ಡಾಕ್ಟರ್.

ಮಲ್ಲಿನಾಥನ ಸುದ್ದಿ ಅಷ್ಟು ಛಲೋ ಬರಲಿಲ್ಲ. ಶ್ರಾವಣದ ಸ್ಕ್ಯಾನಿನಲ್ಲಿ ಲಿವರಿನ ಮೇಲೆ ಎರಡು ಚುಕ್ಕೆ ಕಂಡವು. ಅದನ್ನು ಅವನೇ ಮನೆಯಲ್ಲಿ ಹೇಳಿದ, ಅನಸವ್ವನನ್ನು ಎದುರು ಕೂರಿಸಿಕೊಂಡು, ಒಂದು ಮಾತೂ ಕಡಿಮೆ ಮಾಡದೆ. ಈಗ ಬೇರೆ ಔಷಧಿ ನಡೆದಿದೆ. ಎಷ್ಟು ದಿನ ಎಂದು ಅವನು ಕೇಳಿಲ್ಲ; ಇನ್ನುಳಿದ ದಿನಗಳಿಗಿಂತ ಕಳೆದುಕೊಂಡ ಆ ನಾಲ್ಕು ವರ್ಷಗಳೇ ಅವನನ್ನು ಹೆಚ್ಚು ಕಾಡುತ್ತವೆ.

ಮುಂಜಾನೆ ಮಗಳು ಕಾಲೇಜಿಗೆ ಹೊರಡುವಾಗ ಅವನು ಪಡಸಾಲೆಯಿಂದಲೇ ಕೇಳುತ್ತಾನೆ: "ಇವತ್ತ ಹೆಂಗೈತವ್ವಾ?"

"ಮೂರ ಸಲ ಅಪ್ಪಾ. ರಕ್ತ ಇಲ್ಲ" ಎಂದು ಸ್ನೇಹಾ ಚಪ್ಪಲಿ ಮೆಟ್ಟುತ್ತಾ ಹೇಳುತ್ತಾಳೆ, ಓಣಿಯವರು ಕೇಳಿದರೂ ಕೇಳಲಿ ಎಂಬಂತೆ.