ಆಷಾಢದಲ್ಲಿ ಬಿಸಿಯೇರುವ ಕೋಣೆ

ಬೆಳಕು ಹರಿಯುವ ಹೊತ್ತು. ಕುಷ್ಟಗಿಯ ಓಣಿಯಲ್ಲಿ ಜಿಟಿಜಿಟಿ ಮಳೆ, ಮೈ ಕೊರೆಯುವ ಆಷಾಢದ ಗಾಳಿ. ಶೋಭಾರಾಣಿ ಅವರ ಮನೆಯ ಹಿಂಬದಿಯ ಕೋಣೆಗೆ ಕಾಲಿಟ್ಟರೆ ಮಾತ್ರ ಒಲೆಯ ಮುಂದೆ ಕುಳಿತ ಹಾಗೆ ಬೆಚ್ಚಗಿದೆ. ಮೇಜಿನ ಮೇಲೆ ಮುಚ್ಚಳ ಬಿಚ್ಚಿದ ಕಂಪ್ಯೂಟರ್, ಅದರೊಳಗೆ ಎರಡು ಗ್ರಾಫಿಕ್ಸ್ ಕಾರ್ಡುಗಳು ಬುಸುಗುಡುತ್ತಿವೆ. ಶೋಭಾರಾಣಿ ಪರದೆಯ ಮೇಲೆ ಶಾಖದ ಅಂಕಿ ನೋಡುತ್ತಾರೆ. ಅಷ್ಟಕ್ಕೇ ನಂಬಿಕೆ ಸಾಲದೆ ಫ್ಯಾನಿನ ಹಿಂದೆ ಅಂಗೈ ಹಿಡಿಯುತ್ತಾರೆ. ಕೋಣೆಯ ಆಚೆ ತುದಿಯಲ್ಲಿ, ಗೋಡೆಯಿಂದ ಗೋಡೆಗೆ ಕಟ್ಟಿದ ಹಗ್ಗದ ಮೇಲೆ, ಇಡೀ ಓಣಿಯ ಕೂಸುಗಳ ಬಟ್ಟೆ ಸಾಲಾಗಿ ತೂಗುತ್ತಿದೆ.

"ಇವತ್ತ ನಾಗರ ಅಮಾಸಿ. ನಾಳೆ ಶ್ರಾವಣ ಹಿಡೀತೈತ್ರಿ ಸರ," ಎಂದು ನೋಡಲು ಬಂದ ನನಗೆ ಹೇಳುತ್ತಾರೆ. "ಈ ಆಷಾಢದಾಗ ನಾ ಕಳಿಸಿದ ಲೆಕ್ಕ ಒಂದೂ ತಪ್ಪಿಲ್ಲ. ಇವತ್ತೊಂದು ದಾಟಿದ್ರ ಆತು."

ಶೋಭಾರಾಣಿ ಮದುವೆ ವಿಡಿಯೊಗಳ ಮಿಕ್ಸಿಂಗ್ ಮಾಡುವವರು. ಗಂಡ ಗಾಳೇಶ ಊರೂರಿಗೆ ಹೋಗಿ ಕ್ಯಾಮೆರಾ ಹಿಡಿಯುತ್ತಾರೆ. ತಂದದ್ದನ್ನು ಕತ್ತರಿಸಿ, ಹಾಡು ಜೋಡಿಸಿ, ವಧೂವರರ ಮೇಲೆ ಆಕಾಶದಿಂದ ಗುಲಾಬಿ ಉದುರಿಸುವುದು ಇವರ ಕೆಲಸ. ಮೊದಲು ಮಿಕ್ಸಿಂಗಿಗೆ ಗಂಗಾವತಿಗೆ ಕೊಡುತ್ತಿದ್ದರಂತೆ. "ಮದುಮಗಳು ಹಡೆದು ತೊಟ್ಟಿಲಕ್ಕ ಹಾಕಿದ್ರೂ ಆಕಿ ಲಗ್ನದ ವಿಡಿಯೊ ಬರ್ತಿದ್ದಿಲ್ರಿ," ಎಂದು ನಗುತ್ತಾರೆ. ಬೈಗುಳ ತಿಂದು ತಿಂದು ಸಾಕಾಗಿ ತಾವೇ ಕಲಿತರು. ವಿಡಿಯೊ ಕೆಲಸ ಬೇಗ ಆಗಲೆಂದು, ಹೊಸಪೇಟೆಯಲ್ಲಿ ಬಾಗಿಲು ಮುಚ್ಚಿದ ಗೇಮಿಂಗ್ ಸೆಂಟರ್ ಒಂದರಿಂದ ಈ ಎರಡು ಹಳೆಯ ಕಾರ್ಡುಗಳನ್ನು ತಂದರು.

ಆಷಾಢದಲ್ಲಿ ಮದುವೆಗಳಿಲ್ಲ. ಕ್ಯಾಮೆರಾ ಬೀರು ಸೇರುತ್ತದೆ, ಗಾಳೇಶ ಮಧ್ಯಾಹ್ನವೂ ನಿದ್ದೆ ಮಾಡುತ್ತಾರೆ. ಕಾರ್ಡುಗಳಿಗೆ ಮಾತ್ರ ಆ ತಿಂಗಳು ಹಗಲಿರುಳು ದುಡಿಮೆ. ದೂರದೂರಿನ ವಿಜ್ಞಾನಿಗಳಿಗೆ ರೋಗಗಳ ಬಗ್ಗೆ ಬೆಟ್ಟದಷ್ಟು ಲೆಕ್ಕ ಮಾಡುವುದಿದೆ. ಅದನ್ನು ಚೂರು ಚೂರು ಮಾಡಿ, ಇಂಟರ್ನೆಟ್ ಮೂಲಕ ಲೋಕದ ಮೂಲೆಮೂಲೆಯ ಕಂಪ್ಯೂಟರುಗಳಿಗೆ ಹಂಚುತ್ತಾರೆ. ಇದನ್ನು ನಾನು ಎರಡು ಸಲ ಕೇಳಿಯೂ ಪೂರ್ತಿ ತಲೆಗೆ ಹೋಗದಿದ್ದಾಗ ಶೋಭಾರಾಣಿ ತಾವೇ ದಾರಿಗೆ ತಂದರು.

"ಲಗ್ನದ ಮನ್ಯಾಗ ಕಾಳು ಹಸನ ಮಾಡಾಕ ಓಣಿ ಮಂದಿಗೆಲ್ಲಾ ಹಂಚತಾರಲ್ರಿ? ಒಬ್ಬೊಬ್ರು ಒಂದೊಂದು ಮೊರ ಒಯ್ದು ಹಸನ ಮಾಡಿ ಕೊಡ್ತಾರ. ಹಂಗ ಇದು. ನನ್ನ ಮೊರದಾಗ ಒಂದು ಹಳ್ಳು ಉಳೀತಂದ್ರ ಊಟಕ್ಕ ಕುಂತವರ ಹಲ್ಲು ಹೋಗ್ತೈತಿ."

ಅದಕ್ಕೇ ವಿಜ್ಞಾನಿಗಳು ಒಂದೇ ಚೂರನ್ನು ಬೇರೆ ಬೇರೆ ಊರಿನ ಇಬ್ಬರಿಗೆ ಕೊಟ್ಟು ಉತ್ತರ ತಾಳೆ ನೋಡುತ್ತಾರೆ. ತಾಳೆಯಾಗದಿದ್ದರೆ ವಾಪಸ್. ಸಂಬಳವಿಲ್ಲ, ಸನ್ಮಾನವಿಲ್ಲ. ಕರೆಂಟ್ ಬಿಲ್ಲಿಗೆ ಗೊಣಗುವುದು ಗಾಳೇಶರ ಪಾಲಿನ ಕೆಲಸ.

ಪುಕ್ಕಟೆ ದುಡಿಮೆ ಯಾಕೆ ಎಂದರೆ ಶೋಭಾರಾಣಿ ತಮ್ಮ ತಾಯಿ ಅಮರಮ್ಮನ ಮಾತು ತೆಗೆಯುತ್ತಾರೆ. ಯಲಬುರ್ಗಾದಲ್ಲಿರುವ ಅಮರಮ್ಮ ಶಾವಿಗೆ ಹೊಸೆಯುವುದರಲ್ಲಿ ಎತ್ತಿದ ಕೈ. ಈಗ ಪಾರ್ಕಿನ್ಸನ್ ಕಾಯಿಲೆ, ಕೈನಡುಕ. "ಅವ್ವನ ಶಾವಿಗಿ ಕೂದಲಿನಂಗ ಇರ್ತಿದ್ದವ್ರಿ. ಈಗ ಚಾದ ಕಪ್ಪು ಹಿಡಿಯಾಕ ಎರಡೂ ಕೈ ಬೇಕು. ಈ ಲೆಕ್ಕದಾಗ ಆ ರೋಗದ್ದೂ ಐತಿ ಅಂತ ಓದಿದೆ. ಅವತ್ತ ಶುರು ಮಾಡಿದೆ." ಹೇಳುವಾಗ ಅವರ ದನಿ ಸಣ್ಣಗಾಗುತ್ತದೆ.

ಮೊದಲ ಆಷಾಢದಲ್ಲಿ ಅವಸರವಿತ್ತು. ಅವ್ವನಿಗೆ ಬೇಗ ಔಷಧ ಸಿಗಲಿ ಎಂದು ಕಾರ್ಡುಗಳನ್ನು ಕಂಪನಿ ಗೊತ್ತುಮಾಡಿದ ವೇಗಕ್ಕಿಂತ ಮೇಲಕ್ಕೆ ಏರಿಸಿದರು. ಇದಕ್ಕೆ ಓವರ್‌ಕ್ಲಾಕಿಂಗ್ ಎನ್ನುತ್ತಾರೆ. ಒಂದಿಷ್ಟು ಏರಿಸಿದರೆ ಲಾಭ. ಇವರು ಏರಿಸುತ್ತಲೇ ಹೋದರು. ಅತಿಯಾಸೆ ಗತಿಗೇಡು. ಕಾರ್ಡು ಕಾದು, ಮಾಡಿದ ಲೆಕ್ಕವೆಲ್ಲ ತಪ್ಪಾಗಿ ವಾಪಸ್ ಬಂತು. "ಲಗ್ನದ ವಿಡಿಯೊದಾಗ ಒಂದು ಚುಕ್ಕಿ ಬಣ್ಣ ತಪ್ಪಿದ್ರ ಯಾರಿಗೆ ಗೊತ್ತಾಕ್ಕೈತ್ರಿ? ಬೀಗರು ತಾವು ಕಾಣಸ್ತೀವೋ ಇಲ್ಲೋ ಅಷ್ಟ ನೋಡ್ತಾರ. ಲೆಕ್ಕ ಹಂಗಲ್ಲ." ಈಗ ಅವರ ಪದ್ಧತಿಯೇ ಬೇರೆ. ತಂಪಿರುವ ಬೆಳಗಿನ ಜಾವ ತುಸು ಏರಿಸುತ್ತಾರೆ, ಬಿಸಿಲು ಬಿದ್ದರೆ ಇಳಿಸುತ್ತಾರೆ, ಶಾಖ ಎಪ್ಪತ್ತು ಡಿಗ್ರಿ ದಾಟಲು ಬಿಡುವುದಿಲ್ಲ.

ಎರಡನೆಯ ಆಷಾಢವನ್ನು ಕೆಡಿಸಿದ್ದು ಅತ್ತೆ ಫಕೀರಮ್ಮ. "ಮಂದಿ ಹೊಲಕ್ಕ ನಮ್ಮೆತ್ತು ಯಾಕ ಹೂಡಬೇಕು?" ಎಂದು ಮೊದಲಿನಿಂದಲೂ ತಕರಾರು ತೆಗೆದಿದ್ದವರು, ಕೋಣೆ ಬೆಚ್ಚಗಿರುವುದನ್ನು ಕಂಡದ್ದೇ ಮನಸ್ಸು ಬದಲಿಸಿದರು. ಮಳೆಗಾಲದಲ್ಲಿ ಕೂಸಿನ ಬಟ್ಟೆ ಒಣಗಿಸುವುದು ಯಾವ ಮನೆಯಲ್ಲೂ ಸುಲಭವಲ್ಲ. ಆಷಾಢಕ್ಕೆಂದು ತವರಿಗೆ ಬಂದ ಹೆಣ್ಣುಮಕ್ಕಳ ಕೂಸುಗಳಿಂದ ಓಣಿ ತುಂಬಿತ್ತು. ಫಕೀರಮ್ಮ ಎಲ್ಲರನ್ನೂ ಕರೆದರು. ಧಾರಾಳ ಹೆಚ್ಚಾಗಿ, ಒಂದು ಒದ್ದೆ ದುಪ್ಪಟಿಯನ್ನು ಫ್ಯಾನಿನ ಬಾಯಿಗೇ ಹರವಿಬಿಟ್ಟರು. ಗಾಳಿ ಕಟ್ಟಿ ಕಾರ್ಡು ಕಾದು ಲೆಕ್ಕ ಕೆಟ್ಟಿತು. ಸೊಸೆ ಒಂದು ಮಾತೂ ಬೈಯದೆ ಹಗ್ಗವನ್ನು ಫ್ಯಾನಿನಿಂದ ದೂರ, ಕೋಣೆಯ ಆಚೆ ತುದಿಗೆ ಸರಿಸಿ ಕಟ್ಟಿದರು.

ಇವತ್ತು ಈ ಆಷಾಢದ ಕೊನೆಯ ಚೂರು ಹೋಗಿದೆ. ಎಲ್ಲೋ ಇರುವ ಇನ್ನೊಬ್ಬರ ಉತ್ತರಕ್ಕೆ ಅದು ತಾಳೆಯಾಗಬೇಕು. ಇತ್ತ ಕಾರ್ಡುಗಳು ನಾಳೆ ಶ್ರಾವಣದಲ್ಲಿ ಮುಗಿಯುವ ಇನ್ನೊಂದು ಚೂರನ್ನು ಹಿಡಿದಿವೆ. ಅಷ್ಟರಲ್ಲಿ ಫಕೀರಮ್ಮ ಬರುತ್ತಾರೆ.

"ಏ ಶೋಭಾ, ಬಾಜೂ ಮನಿ ಅಂಜಲಿ ಕೂಸಿನ ಬಟ್ಟಿ ಇನ್ನೂ ಹಸಿ ಅದಾವು. ಒಂದೀಟು ಸ್ಪೀಡ್ ಏರಸವಾ."

"ಇವತ್ತ ಬ್ಯಾಡ್ರಿ ಅತ್ತಿ. ಏರಿಸಿದ್ರ ತಪ್ಪತೈತಿ."

ಲೋಕದಲ್ಲಿ ಎಲ್ಲರೂ ಕಾರ್ಡು ಬಿಸಿಯಾಯಿತೆಂದು ಅಳುತ್ತಾರೆ, ಬಿಸಿ ಸಾಲದೆಂದು ದೂರು ಬರುವುದು ಕುಷ್ಟಗಿಯಲ್ಲೇ ಇರಬೇಕು. ಫಕೀರಮ್ಮ ಹಸಿಬಟ್ಟೆಗಳನ್ನೆಲ್ಲ ಹೆಗಲಿಗೆ ಹಾಕಿಕೊಂಡು ಅಡುಗೆಮನೆಯ ಒಲೆಯ ಕಡೆ ನಡೆಯುತ್ತಾರೆ.

ಚಹಾ ಕುಡಿದು ಲೋಟ ಕೆಳಗಿಡುವ ಹೊತ್ತಿಗೆ ಪರದೆಯ ಮೇಲೆ ಹಸಿರು ಗುರುತು ಮೂಡುತ್ತದೆ. ಕೊನೆಯದೂ ತಾಳೆಯಾಗಿದೆ. "ಒಪ್ಪಿದ್ರೇನ?" ಎಂದು ಒಲೆಯ ಮುಂದಿನಿಂದಲೇ ಫಕೀರಮ್ಮ ಕೇಳುತ್ತಾರೆ. ಶೋಭಾರಾಣಿ ಹೂಂಗುಟ್ಟಿ, ಯಲಬುರ್ಗಾಕ್ಕೆ ಫೋನು ಹಚ್ಚುತ್ತಾರೆ.

"ಅವ್ವಾ, ಈ ಸಲ ಒಂದೂ ವಾಪಸ್ ಬರಲಿಲ್ಲ."

"ಹೌದೇನ? ಹಂಗಾರ ಔಷಧ ಸಿಕ್ತೇನವಾ?"

"ಇನ್ನೂ ಇಲ್ಲವ್ವಾ. ಯಾವಾಗ ಸಿಗತೈತೋ ಯಾರಿಗೂ ಗೊತ್ತಿಲ್ಲ."

ಶೋಭಾರಾಣಿ ಫೋನನ್ನು ಇನ್ನಷ್ಟು ಕಿವಿಗೊತ್ತಿ ಹೇಳುತ್ತಾರೆ:

"ನಾ ಕಳಿಸಿದ ಲೆಕ್ಕದಾಗ ಮಾತ್ರ ಸುಳ್ಳಿಲ್ಲವ್ವಾ. ಅಷ್ಟು ಖರೆ."