ಸರದಾರನ ತೊಗಲು

ದೆವ್ವ, ಮಾಟ, ಶಾಪ ಎಂದು ಮಾತೆತ್ತಿದವರನ್ನು ನಾನು ಟಿಕೆಟ್ ತೆಗೆದುಕೊಳ್ಳದೆ ಕೂತ ಪ್ರಯಾಣಿಕರನ್ನು ನೋಡುವ ಹಾಗೆ ನೋಡುತ್ತಿದ್ದವಳು. ನಾನು ಬಸ್ ಕಂಡಕ್ಟರ್. ಕಲಘಟಗಿ ಕಡೆಯ ಹಳ್ಳಿಗಳಿಂದ ಹುಬ್ಬಳ್ಳಿಗೆ ದಿನಾ ಓಡಾಡುತ್ತೇನೆ. ಬಸ್ಸಿನಲ್ಲಿ ಇಂಥ ಕತೆಗಳಿಗೆ ಬರವಿಲ್ಲ. ಯಾರದೋ ಹೊಲದಲ್ಲಿ ಬಿಳಿ ಸೀರೆ ಓಡಾಡಿತಂತೆ, ಯಾರಿಗೋ ನಿಂಬೆಹಣ್ಣು ದಾಟಿ ಕಾಲು ಬಿದ್ದುಹೋಯಿತಂತೆ. "ಮುಂದ ಸರೀರಿ, ಬಾಗಲದಾಗ ನಿಂತು ಕತಿ ಹೇಳಬ್ಯಾಡ್ರಿ" ಎಂದು ಗದರುವುದೇ ನನ್ನ ಉತ್ತರವಾಗಿತ್ತು. ಈಗಲೂ ಆ ಕತೆಗಳನ್ನು ನಂಬುವುದಿಲ್ಲ. ಆದರೆ ನನ್ನ ಕೈಯಾರೆ ಗೂಟ ಬಡಿದು ಬಿಸಿಲಿಗೆ ಹಾಕಿದ ಒಂದು ತೊಗಲಿನ ವಿಷಯ ಮಾತ್ರ ನನಗೆ ಬಗೆಹರಿದಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ನಮ್ಮದು ಕುರಿ ಕಾಯುವ ಮನೆತನ. ನಾನು ಸರಕಾರಿ ನೌಕರಿ ಹಿಡಿದರೂ ಅಪ್ಪ ಕುರಿ ಬಿಡಲಿಲ್ಲ. ಅಪ್ಪನ ಹಿಂಡಿನ ಮುಂದೆ ಒಂದು ಹೋತ ನಡೆಯುತ್ತಿತ್ತು, ಹೆಸರು ಸರದಾರ. ಹುಟ್ಟಿದ ಕೂಡಲೇ ತಾಯಿ ಸತ್ತಿದ್ದರಿಂದ ಅಪ್ಪ ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿದ್ದ. ಅದು ಎತ್ತ ಹೋದರೆ ಇಡೀ ಹಿಂಡು ಅತ್ತ. ಪರರ ಬೆಳೆಗೆ ಬಾಯಿ ಹಾಕಿದಾಗ ಅಪ್ಪ, "ಲೇ ಸರದಾರಾ, ನಿನ್ನ ತೊಗಲು ಸುಲದು ಡೊಳ್ಳಿಗೆ ಹಾಕತೀನಿ ನೋಡು" ಎನ್ನುತ್ತಿದ್ದ. ನಮ್ಮ ಕಡೆ ಮಕ್ಕಳಿಗೂ ಹೀಗೇ ಬೈಯುತ್ತಾರೆ, ಅದರಲ್ಲಿ ಸಿಟ್ಟಿಗಿಂತ ಪ್ರೀತಿ ಹೆಚ್ಚು. ಅದು ಸತ್ತ ದಿನ ಬೆಳಿಗ್ಗೆಯೂ ಅಪ್ಪ ಹಾಗೆಯೇ ಬೈದಿದ್ದನಂತೆ. ಆಮೇಲೆ ಆ ಬೈಗುಳ ಅವನ ಬಾಯಿಂದ ಮತ್ತೆ ಬರಲಿಲ್ಲ.

ಸರದಾರ ಸತ್ತದ್ದು ಗುರುಪಾದಪ್ಪ ಸಾವ್ಕಾರರ ಗೋವಿನಜೋಳದ ಹೊಲದ ಬೇಲಿಯಲ್ಲಿ, ಉರುಲಿಗೆ ಸಿಕ್ಕು. ಬೈಕಿನ ಕ್ಲಚ್ ವೈರಿನ ಕುಣಿಕೆ ಮಾಡಿ ಬೇಲಿ ಸಂದಿಯಲ್ಲಿ ಕಟ್ಟಿದರೆ ಬೆಳೆಗೆ ನುಗ್ಗುವ ಕಾಡುಹಂದಿಯ ಕೊರಳಿಗೆ ಬೀಳುತ್ತದೆ. ಎಳೆದಷ್ಟೂ ಬಿಗಿಯುತ್ತದೆ. ಇದು ಕಾನೂನಿಗೆ ವಿರುದ್ಧ ಎಂದು ಎಲ್ಲರಿಗೂ ಗೊತ್ತು, ಕಟ್ಟುವವರಿಗೂ ಗೊತ್ತು. ಅಪ್ಪ ಹುಡುಕಿಕೊಂಡು ಹೋಗುವಷ್ಟರಲ್ಲಿ ಯಾರೋ ವೈರು ಬಿಚ್ಚಿಕೊಂಡು ಹೋಗಿದ್ದರು. ಹೋತ ಮಾತ್ರ ಬಿದ್ದಿತ್ತು, ಕೊರಳ ಸುತ್ತ ಕೂದಲು ಸವೆದು ಗೆರೆ ಬಿದ್ದಿತ್ತು.

ಮಾಂಸ ಮುಟ್ಟಲು ಅಪ್ಪ ಯಾರಿಗೂ ಬಿಡಲಿಲ್ಲ, ಬದುವಿನಲ್ಲಿ ಹೂಳಿದ. ಮೈಲಾರಿ ಕಾಕಾ ಮಾತ್ರ ತೊಗಲು ಕೇಳಿದ. ಕಾಕಾ ಅಪ್ಪನ ತಮ್ಮ, ಊರಲ್ಲಿ ಡೊಳ್ಳು ಬಾರಿಸುವವರ ಮುಂದಾಳು. ಅವನ ಡೊಳ್ಳಿನ ಒಂದು ಬದಿ ಹರಿದಿತ್ತು. "ಅದರ ದನಿಯಾದ್ರೂ ಉಳೀಲೋ ಅಣ್ಣಾ" ಅಂದ. ಅಪ್ಪ ಮುಖ ತಿರುಗಿಸಿಕೊಂಡು ಹೂಂ ಅಂದ. ಹೂಳುವ ಮೊದಲು ಕಾಕಾ ಸಂಜೆಯೇ ಸುಲಿದು, ಉಪ್ಪು ಸವರಿ, ಸುತ್ತಿಟ್ಟ.

ಮರುದಿನ ಕಟ್ಟೆಯ ಮೇಲೆ ಹಿರಿಯರು ಸೇರಿದರು. ನಾನೂ ರಜೆ ಹಾಕಿ ಹೋಗಿದ್ದೆ. ಸಾವ್ಕಾರರು ಶಾಲು ಹೊದ್ದು ಕೂತು, "ನಿಮ್ಮ ಹೋತಕ್ಕ ರೋಗ ಬಡದಿತ್ತು. ಸತ್ತದ್ದನ್ನ ತಂದು ನನ್ನ ಬೇಲ್ಯಾಗ ಒಗದು, ಈಗ ನನ್ನ ಮ್ಯಾಲ ಹೊರಿಸ್ತೀರೇನು? ಉರುಲು ಹಾಕೋ ಹೇಸಿ ಕೆಲಸ ನಮ್ಮ ಮನಿತನದಾಗಿಲ್ಲ" ಎಂದರು. ಒಬ್ಬಿಬ್ಬರು ನಕ್ಕರು. ಅಪ್ಪ ತಲೆ ತಗ್ಗಿಸಿ, "ಹೋಗ್ಲಿ ಬಿಡ್ರಿ" ಎಂದ. ಅವನಿಗೆ ಬೇರೆ ದಾರಿ ಇರಲಿಲ್ಲ. ಸುಗ್ಗಿ ಮುಗಿದ ಮೇಲೆ ನಮ್ಮ ಕುರಿ ಅವರ ಹೊಲದಲ್ಲೇ ನಿಲ್ಲಬೇಕು. ನನಗೆ ಮೈಯೆಲ್ಲ ಉರಿಯಿತು. ಪರಿಹಾರ ಯಾರಿಗೆ ಬೇಕಾಗಿತ್ತು? ಅಪ್ಪನನ್ನು ಯಾವ ಊರ ಮುಂದೆ ಸುಳ್ಳುಗಾರನನ್ನಾಗಿ ಮಾಡಿದರೋ ಅದೇ ಊರ ಮುಂದೆ ಆ ಮನುಷ್ಯ, ಹೌದು, ಉರುಲು ನಾನೇ ಹಾಕಿದ್ದು ಎನ್ನಬೇಕು. ನನಗೆ ಬೇಕಾಗಿದ್ದದ್ದು ಅಷ್ಟೇ.

ಮನೆಗೆ ಬಂದವಳೇ ಕಾಕಾನ ಕೈಯಿಂದ ತೊಗಲು ಕಸಿದುಕೊಂಡೆ. ಹಿತ್ತಲಲ್ಲಿ ಹಾಕುತ್ತೇನೆ ಎಂದ ಅವನನ್ನು ಬಿಡದೆ ಮನೆ ಮುಂದೆ, ಸಾವ್ಕಾರರು ದಿನಾ ಹೊಲಕ್ಕೆ ಹೋಗುವ ದಾರಿಯ ಬದಿಗೇ ಹಾಸಿಸಿದೆ. ಕೂದಲು ಕೆಳಗೆ, ಒಳಮೈ ಮೇಲೆ. ಮೊದಲು ಕೊರಳ ಕಡೆ ಒಂದು ಗೂಟ, ಎಳೆದು ಬಾಲದ ಕಡೆ ಒಂದು, ಆಮೇಲೆ ಎಡಕ್ಕೊಂದು ಬಲಕ್ಕೊಂದು. ಹೀಗೆ ಎದುರುಬದುರು ಎಳೆಯದಿದ್ದರೆ ತೊಗಲು ಒಂದು ಕಡೆ ಸೊಟ್ಟಗಾಗಿ ಡೊಳ್ಳಿನ ದನಿ ಕೆಡುತ್ತದೆ. ಕಾಕಾ ಎಳೆದು ಹಿಡಿದ, ನಾನು ಜಾಲಿ ಗೂಟ ಬಡಿದೆ. ಪ್ರತಿ ಏಟಿಗೂ "ಗುರುಪಾದಪ್ಪಾ" ಎಂದು ಹೆಸರು ಹಿಡಿದೇ ಬಡಿದೆ.

ಕಾಕಾ ನನ್ನ ಕೈ ಹಿಡಿದುಕೊಂಡ. "ಹೆಸರ ತಗೀಬ್ಯಾಡವ್ವಾ. ಗೂಟ ಬಡಿಯೂ ಮುಂದ ನಾವು ಯಾರ ಹೆಸರೂ ತಗಿಯಂಗಿಲ್ಲ. ಹಸೀ ತೊಗಲಿಗೆ ಕಿವಿ ಇರತಾವ."

"ಇರ್ಲಿ ಬಿಡು ಕಾಕಾ, ಕೇಳಸ್ಕೊಳ್ಳಲಿ" ಎಂದು ಉಳಿದ ಗೂಟಗಳನ್ನೂ ಹಾಗೇ ಬಡಿದೆ. ಅದಕ್ಕೆ ನನಗೆ ಅಂದೂ ಬೇಜಾರಿರಲಿಲ್ಲ, ಇಂದೂ ಇಲ್ಲ.

ಚಳಿಗಾಲದ ಒಣಬಿಸಿಲಿಗೆ ತೊಗಲು ಚೆನ್ನಾಗಿ ಬಿಗಿದುಕೊಂಡಿತು. ಸಾವ್ಕಾರರು ನಮ್ಮ ಮನೆ ಹತ್ತಿರ ಬಂದಾಗ ಬೈಕಿನ ವೇಗ ಹೆಚ್ಚಿಸುತ್ತಿದ್ದರು. ನಾನು ಮನೆಯಲ್ಲಿದ್ದರೆ ಬೇಕೆಂದೇ ಬಾಗಿಲಲ್ಲಿ ನಿಂತು ಅವರ ಮುಖ ನೋಡುತ್ತಿದ್ದೆ. ಆಮೇಲೆ ಕಾಕಾ ಗೂಟ ಕಿತ್ತು, ಕೂದಲು ಹೆರೆದು, ದುಂಡಗೆ ಕತ್ತರಿಸಿ, ನೆನೆಸಿ ಡೊಳ್ಳಿಗೆ ಬಿಗಿದ. ಒಂದು ಬದಿ ಸರದಾರನ ತೊಗಲು, ಇನ್ನೊಂದು ಬದಿ ಮೊದಲಿನ ಹಳೆಯ ಆಡಿನದು. ಒಣಗಿದ ಮೇಲೆ ಮೊದಲ ಏಟು ಹಾಕಿದಾಗ ಮನೆಯ ತಗಡು ಅದುರಿತು. ಅಪ್ಪ ಎದ್ದು ಹೊರಗೆ ಹೋದ.

ಇಪ್ಪತ್ತಾರು ಜನವರಿಗೆ ನಮ್ಮೂರಲ್ಲಿ ಶಾಲೆಯ ಮಕ್ಕಳ ಮೆರವಣಿಗೆ ಊರೆಲ್ಲ ಸುತ್ತುತ್ತದೆ, ಮುಂದೆ ಡೊಳ್ಳು. ಆ ದಿನ ಕಾಕಾ ಮೊದಲಿಗೆ, ಅವನ ಹಿಂದೆ ಇನ್ನೆರಡು ಡೊಳ್ಳು. ನಾನೂ ಹಿಂದೆ ಹೋದೆ. ಓಣಿ ಓಣಿಯಲ್ಲಿ ಸರದಾರನ ದನಿ ಗುಡುಗುತ್ತಿತ್ತು. ಸಾವ್ಕಾರರ ಓಣಿಗೆ ತಿರುಗಿದೆವು. ಅವರ ಮನೆಯ ಮುಂದೆ ಬಂದದ್ದೇ ತಡ, ಡೊಳ್ಳು ನಿಂತುಹೋಯಿತು.

ಇಲ್ಲಿ ಒಂದು ಪದ್ಧತಿ ಹೇಳಬೇಕು. ನಮ್ಮ ಕಡೆ ಯಾವುದೇ ಮೆರವಣಿಗೆ ಇರಲಿ, ಸಾವಾದ ಮನೆಯ ಮುಂದೆ ಬಂದಾಗ ಡೊಳ್ಳು ಬಾರಿಸುವುದಿಲ್ಲ. ಸುಮ್ಮನೆ ದಾಟಿಹೋಗಿ ಮುಂದೆ ಮತ್ತೆ ಶುರು ಮಾಡುತ್ತಾರೆ. ಡೊಳ್ಳು ನಿಂತಿತೆಂದರೆ ಆ ಮನೆಯಲ್ಲಿ ಹೆಣ ಇದೆ ಎಂದೇ ಅರ್ಥ. ಹಿಂದಿನ ಇಬ್ಬರೂ ಅದೇ ಅಭ್ಯಾಸದಲ್ಲಿ ಕೈ ನಿಲ್ಲಿಸಿದರು, ಮಕ್ಕಳೂ ಜೈಕಾರ ನಿಲ್ಲಿಸಿದರು. ಸಾವ್ಕಾರರ ಹೆಂಡತಿ ಗೌರವ್ವ ಅಂಗಳಕ್ಕೆ ಓಡಿಬಂದರು. "ಏ ಮೈಲಾರಿ, ಯಾರು ಸತ್ತಾರಂತ ಬಂದ್ ಮಾಡೀದಿ? ನಮ್ಮನ್ಯಾಗ ಯಾರು ಸತ್ತಾರ?"

"ನಾ ಬಂದ್ ಮಾಡಿಲ್ರಿ ಅವ್ವಾರ" ಎಂದ ಕಾಕಾ, ಅಳುವ ದನಿಯಲ್ಲಿ. "ನೋಡ್ರಿ, ಹೊಡ್ಯಾಕ ಹತ್ತೀನಿ."

ನಿಜ, ಅವನ ಕೈ ನಿಂತಿರಲಿಲ್ಲ. ಕೋಲು ಏಳುತ್ತಿತ್ತು, ಬೀಳುತ್ತಿತ್ತು. ದನಿ ಮಾತ್ರ ಇರಲಿಲ್ಲ. ಏನೋ ಆಟ ಹೂಡಿದ್ದಾನೆ ಎಂದುಕೊಂಡು ನಾನೇ ಕೋಲು ಕಸಿದು ಹೊಡೆದೆ. ಏಟು ನನ್ನ ಮೊಣಕೈವರೆಗೆ ಝುಂ ಎಂದಿತು. ತೊಗಲ ಮೇಲಿದ್ದ ಭಂಡಾರದ ಅರಿಸಿನ ಪುಡಿ ಎಗರಿತು. ಸದ್ದಿಲ್ಲ. ಡೊಳ್ಳು ತಿರುಗಿಸಿ ಇನ್ನೊಂದು ಬದಿಗೆ ಹೊಡೆದೆ, ಅದು ನುಡಿಯಿತು. ಕಾಕಾನನ್ನು ಎಳೆದುಕೊಂಡು ಓಣಿಯ ತುದಿಗೆ ಹೋದೆ, ಸರದಾರನ ಬದಿಯೂ ನುಡಿಯಿತು. ಹಿಂದಕ್ಕೆ ಬಂದೆವು, ಮೂಕ. ಬಿಸಿಲು ಏರಿದ ಹೊತ್ತು, ಇಡೀ ಊರು ನೋಡುತ್ತಿತ್ತು.

ಅಷ್ಟರಲ್ಲಿ ಸಾವ್ಕಾರರೇ ಹೊರಗೆ ಬಂದರು. ಕೈಯಲ್ಲಿ ಚಹದ ಕಪ್ಪು ಹಾಗೇ ಇತ್ತು. ನನ್ನ ಕೈಯಿಂದ ಕೋಲು ಕಿತ್ತುಕೊಂಡು ಒಂದು ಹೊಡೆದರು, ಎರಡು ಹೊಡೆದರು, ಕೈ ಸೋಲುವವರೆಗೆ ಹೊಡೆದರು. ಆ ಮನುಷ್ಯನ ಏದುಸಿರು ಕೇಳುತ್ತಿತ್ತು, ಡೊಳ್ಳು ಕೇಳುತ್ತಿರಲಿಲ್ಲ. ಯಾರೂ ಏನೂ ಕೇಳಿರಲಿಲ್ಲ, ಅವರೇ ಅಂದರು: "ಹಂದಿಗಂತ ಹಾಕಿದ್ದೆಪಾ. ನಿಮ್ಮ ಹೋತಕ್ಕಂತ ಹಾಕಿದ್ದಿಲ್ಲ. ವೈರ್ ಬಿಚ್ಚಿದಾಂವನೂ ನಾನ."

ಅಪ್ಪ ಜನರ ನಡುವೆ ನಿಂತಿದ್ದ. ತಲೆ ಎತ್ತಿ, "ಸಾಕ್ರಿ ಸಾವ್ಕಾರ್ರ, ಇಷ್ಟ ಸಾಕು" ಎಂದ. ನನಗಾದ ಖುಷಿಯನ್ನು ಮುಚ್ಚಿಡುವುದಿಲ್ಲ. ಹೊಟ್ಟೆ ತಣ್ಣಗಾಯಿತು. ಮರುದಿನ ಬಸ್ಸಿನಲ್ಲಿ ಎಲ್ಲರನ್ನೂ ನಗುನಗುತ್ತಾ ಮಾತಾಡಿಸಿದ್ದನ್ನು ನೋಡಿ ಡ್ರೈವರ್ ಗಾಬರಿಯಾಗಿದ್ದ.

ಆ ಮನೆಯಲ್ಲಿ ಯಾರೂ ಸಾಯಲಿಲ್ಲ. ಸಾವ್ಕಾರರ ಮುದುಕಿ ತಾಯಿ ತನಗೇ ಕರೆ ಬಂತೆಂದು ಕೆಲವು ದಿನ ಊಟ ಬಿಟ್ಟು ಮಲಗಿದ್ದಳು, ಆಮೇಲೆ ಬೇಸರವಾಗಿ ಎದ್ದು ರೊಟ್ಟಿ ಕೇಳಿದಳಂತೆ. ಆದರೆ ಊರ ಬಾಯಿ ಮುಚ್ಚಲಿಲ್ಲ. ಡೊಳ್ಳು ನಿಂತ ಮನೆ ಎಂದೇ ಹೆಸರು ಬಿತ್ತು. ಮುಂದೆ ಅವರ ಮಗಳು ಅಕ್ಷತಾಳ ಮದುವೆ ಗೊತ್ತಾಯಿತು. ಆ ಹುಡುಗಿ ಕಾಲೇಜಿಗೆ ನನ್ನ ಬಸ್ಸಿನಲ್ಲೇ ಹೋಗುತ್ತಿದ್ದಳು, ಅಕ್ಕಾ ಎಂದು ಬಾಯಿತುಂಬ ಕರೆಯುವವಳು. ಮದುವೆಗೆ ಮೊದಲು ಸಾವ್ಕಾರರು ನಮ್ಮ ಮನೆಗೆ ಬಂದರು. ಅಪ್ಪ ಜಮಖಾನೆ ಹಾಸಿದ. ಅವರು ಅಪ್ಪನಿಗೆ ಕೈಮುಗಿದರು, ಕಾಕಾನಿಗೆ ಮುಗಿದರು, ಕೊನೆಗೆ ನನ್ನ ಕಡೆ ತಿರುಗಿದರು.

"ಊರ ಮುಂದ ಮೂಕಾದದ್ದು ಊರ ಮುಂದನ ನುಡೀಬೇಕವ್ವಾ. ಮದುವಿಗೆ ಬ್ಯಾರೆ ಡೊಳ್ಳು ಬ್ಯಾಡ, ಅದನ್ನ ತರ್ರಿ. ಬೀಗರ ಕಿವಿಗೆ ಈ ಮಾತು ಬಿದ್ದೈತಿ. ನಿಂದು ಇನ್ನ ಸಿಟ್ಟಿದ್ರ ಈಗ ಹೇಳಿಬಿಡು, ಮಗಳ ಮ್ಯಾಲ ತೀರಿಸ್ಕೋಬ್ಯಾಡ."

"ಸಿಟ್ಟಿಲ್ರಿ. ನೀವು ಒಪ್ಪಿಕೊಂಡ ದಿನಾನ ಹೋತು" ಎಂದೆ. ಬಾಯಿಮಾತಿಗೆ ಹೇಳಿದ್ದಲ್ಲ. ಬೇಕಾದರೆ ಅಪ್ಪನ ಮೇಲೆ ಆಣೆ ಮಾಡಿ ಹೇಳುತ್ತೇನೆ. ಎದುರಿಗೆ ಕೂತಿದ್ದ ಆ ಸೊರಗಿದ ಮನುಷ್ಯನ ಮೇಲೆ ನನಗೆ ಏನೂ ಉಳಿದಿರಲಿಲ್ಲ. ಡೊಳ್ಳು ನುಡಿಯಲಿ ಎಂದು ಅವರಿಗಿಂತ ಹೆಚ್ಚಾಗಿ ನಾನೇ ಬಯಸಿದ್ದೆ.

ಮದುವೆಯ ದಿನ ಬೆಳಿಗ್ಗೆ ಬೀಗರು ಬಂದಿಳಿದರು. ಅಕ್ಷತಾ ಹಳದಿ ಸೀರೆಯಲ್ಲಿ ಬಾಗಿಲಲ್ಲಿ ನಿಂತಿದ್ದಳು. ಕಾಕಾ ಡೊಳ್ಳನ್ನು ಮೊದಲೇ ಬಿಸಿಲಿಗೆ ಹಿಡಿದು ಬಿಗಿ ಮಾಡಿಕೊಂಡಿದ್ದ. ಓಣಿಯ ತುದಿಯಿಂದ ಬಾರಿಸುತ್ತಲೇ ಬಂದ. ಅಂಗಳಕ್ಕೆ ಕಾಲಿಟ್ಟ ಕೂಡಲೇ ದನಿ ನಿಂತಿತು. ಊರವರೆಲ್ಲ ಡೊಳ್ಳನ್ನು ನೋಡಲಿಲ್ಲ, ನನ್ನನ್ನು ನೋಡಿದರು. ಅಕ್ಷತಾಳೂ ನೋಡಿದಳು. ಆ ನೋಟ ನನಗೆ ಇನ್ನೂ ಚುಚ್ಚುತ್ತದೆ. "ನಾನಲ್ಲ" ಎಂದು ಕೂಗಿಬಿಟ್ಟೆ, ಬಸ್ಸಿನಲ್ಲಿ ಕೂಗುವ ದನಿಯಲ್ಲೇ. ಯಾರು ನಂಬುತ್ತಾರೆ?

ಆಗ ಸಾವ್ಕಾರರು ಯಾರೂ ಎಣಿಸದ ಕೆಲಸ ಮಾಡಿದರು. ಬೀಗರು ನೋಡುತ್ತಿದ್ದಂತೆಯೇ ಪೇಟ ತೆಗೆದು, ಡೊಳ್ಳಿನ ಮುಂದೆ ಮೊಣಕಾಲೂರಿ, ಆ ತೊಗಲಿಗೆ ಹಣೆ ಹಚ್ಚಿದರು. "ತಪ್ಪಾತೋ ಸರದಾರಾ, ಬಿಟ್ಟುಬಿಡು" ಎಂದರು. ಅದರ ಹೆಸರನ್ನು ಅವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಕಾಕಾ ಕಣ್ಣೊರೆಸಿಕೊಂಡು ಕೋಲೆತ್ತಿದ. ಈಗ ನುಡಿಯುತ್ತದೆ ಎಂದು ನನಗೆ ಖಾತ್ರಿ ಇತ್ತು.

ನುಡಿಯಲಿಲ್ಲ.

ಮದುವೆ ನಿಲ್ಲಲಿಲ್ಲ. ಬೀಗರಲ್ಲೊಬ್ಬ ಹಿರಿಯರು ಕಲಘಟಗಿಯಿಂದ ಬ್ಯಾಂಡಿನವರನ್ನು ಕರೆಸಿದರು. ಅಕ್ಷತಾ ಗಂಡನ ಮನೆಯಲ್ಲಿ ಸುಖವಾಗಿದ್ದಾಳೆ. ತೊಗಲಿಗೂ ಗಾಳಿಗೂ ಗೋಡೆಗೂ ಸಂಬಂಧ ಹಚ್ಚಿ ಕಾರಣ ಹೇಳಿದವರುಂಟು. ನಾನೂ ಎಷ್ಟೋ ಸಲ ಹಾಗೆ ಲೆಕ್ಕ ಹಾಕಿ ನೋಡಿದ್ದೇನೆ, ಇನ್ನೊಂದು ಬದಿ ಅಲ್ಲೇ ನುಡಿಯುತ್ತಿತ್ತಲ್ಲ ಎಂಬಲ್ಲಿಗೆ ಬಂದು ಲೆಕ್ಕ ಕೆಡುತ್ತದೆ. ಅಷ್ಟು ದಿನ ಆ ಸೇಡು ನನ್ನದೆಂದೇ ತಿಳಿದಿದ್ದೆ. ಗೂಟ ಬಡಿದವಳು ನಾನು, ಹೆಸರು ಹೇಳಿದವಳು ನಾನು. ಒಳಗೊಳಗೇ ಅದರ ಹೆಮ್ಮೆಯೂ ಇತ್ತು. ಆದರೆ ಅಪ್ಪ ಕಟ್ಟೆಯ ಮೇಲೆಯೇ ಬಿಟ್ಟುಕೊಟ್ಟಿದ್ದ, ನಾನು ತಪ್ಪೊಪ್ಪಿಗೆಯ ಮಾತು ಕೇಳಿದ ದಿನ ಬಿಟ್ಟಿದ್ದೆ. ನಮ್ಮ ಕೊರಳಿಗೇನು ವೈರು ಬಿದ್ದಿತ್ತೇ, ಬಿಡುವುದಕ್ಕೆ ನಮಗೇನು ಕಷ್ಟ?