ಹಾಡಿನ ನಡುವೆ ಕಿತ್ತ ವೈರು

ಹೋದ ತಿಂಗಳು ನಮ್ಮ ಯಜಮಾನರು ಇಂಟರ್‌ನೆಟ್ಟಿನ ಡಬ್ಬಿಯಿಂದ ಹಾಡಿನ ಪೆಟ್ಟಿಗೆಗೆ ಹಾಕಲೆಂದು ಹೊಸ ವೈರು ತರಿಸಿದರು. ಹೆಬ್ಬೆರಳಿನ ದಪ್ಪ, ತುದಿಗೆ ಚಿನ್ನದ ಬಣ್ಣ. ಇದನ್ನು ಸಿಕ್ಕಿಸಿದರೆ ಹಾಡುವವರ ದನಿ ಒಂದು ಹೆಜ್ಜೆ ಮುಂದೆ ಬಂದು ನಿಲ್ಲುತ್ತದಂತೆ. ಹಳೇ ನೀಲಿ ವೈರಿನಲ್ಲಿ ಹಾಡು ಬರುತ್ತಿರಲಿಲ್ಲವೇ ಎಂದು ಕೇಳಿದೆ. ಬರುತ್ತಿತ್ತು, ಆದರೆ ಹೀಗಲ್ಲ ಎಂದರು. ಇಂಟರ್‌ನೆಟ್ಟಿನ ವೈರಿನಲ್ಲಿ ಹಾಡು ಬಂದರೆ ಪೂರ್ತಿ ಬರುತ್ತದೆ, ಇಲ್ಲದಿದ್ದರೆ ನಿಂತುಹೋಗುತ್ತದೆ, ಅದರ ನಡುವೆ ಇನ್ನೇನಿದೆ? ನನಗೆ ಮೈಯೆಲ್ಲ ಉರಿದುಹೋಯಿತು. ಈ ಉರಿ ಇವತ್ತಿನದಲ್ಲ, ತೊಂಬತ್ತರ ದಶಕದ್ದು.

ಆಗ ನಾನು ಕಿರಂಗೂರಿಗೆ ಸೊಸೆಯಾಗಿ ಬಂದು ಕೆಲವು ವರ್ಷಗಳಾಗಿದ್ದವು. ಯಜಮಾನರಿಗೆ ಕೆಲಸ ಬಿಟ್ಟರೆ ಒಂದೇ ಧ್ಯಾನ, ಪಡಸಾಲೆಯ ಸೆಟ್ಟು. ಶ್ರೀರಂಗಪಟ್ಟಣದಲ್ಲಿ ಹೇಳಿ ಮಾಡಿಸಿದ ಆಂಪ್ಲಿಫೈಯರು, ಅದರೊಳಗೇ ರೇಡಿಯೋ, ಅತ್ತಿತ್ತ ಸೊಂಟದೆತ್ತರದ ಎರಡು ಸ್ಪೀಕರ್ ಪೆಟ್ಟಿಗೆ. ಅದರ ಧೂಳು ಒರೆಸುವ ಅಧಿಕಾರವೂ ನನಗಿರಲಿಲ್ಲ. ಸ್ಪೀಕರಿಗೆ ಎಳೆದಿದ್ದದ್ದು ಬಲ್ಬಿಗೆ ಎಳೆಯುವ ತಿರುಚಿದ ವೈರು. ಅದೇ ಇವರಿಗೆ ಹಗಲೂ ರಾತ್ರಿ ಕೊರಗು.

"ಸೌಂಡ್ನೆಲ್ಲ ಈ ವೈರೇ ತಿಂದಾಕ್ತದೆ ಕಣಮ್ಮಿ" ಎನ್ನುತ್ತಿದ್ದರು. ಸೆಟ್ಟಿಗೂ ಸ್ಪೀಕರಿಗೂ ನಡುವೆ ಒಂದು ಮಾರು ದೂರವಿರಲಿಲ್ಲ. ಅಷ್ಟರಲ್ಲಿ ಅದು ಏನು ತಿಂದೀತು, ಎಷ್ಟು ತಿಂದೀತು? ಮನೆಯಲ್ಲಿ ಯಾರು ತಿಂದರು, ಯಾರು ಬಿಟ್ಟರು ಎಂದು ಇವರು ಒಂದು ದಿನ ಕೇಳಿದ್ದಿಲ್ಲ, ವೈರಿನ ಊಟದ ಲೆಕ್ಕ ಮಾತ್ರ ಬೇಕು.

ನನ್ನ ತವರು ತೊಣ್ಣೂರಿನ ಕಡೆ. ನಮ್ಮವ್ವ ಮತ್ತು ಅವಳ ಓರಗೆಯ ಹೆಂಗಸರು ಮದುವೆಮನೆಗಳಲ್ಲಿ ಸೋಬಾನೆ ಹೇಳುತ್ತಿದ್ದರು. ಯಾರ ಬಾಯಿಂದಲೋ ಕೇಳಿ ರೇಡಿಯೋದವರು ಅವರನ್ನು ಮೈಸೂರಿಗೆ ಕರೆಸಿದರು. ಹೊರಡುವ ಹೊತ್ತಿಗೆ ಸರಿಯಾಗಿ ಅವ್ವನ ಎಮ್ಮೆ ಕರು ಹಾಕಿತು. "ನಾನೆಂಗವ್ವ ಓಗ್ಲಿ? ನನ್ ಬದ್ಲು ನೀನೋಗು" ಎಂದು, ತವರಿಗೆ ಬಂದಿದ್ದ ನನಗೆ ಹೇಳಿದಳು. ಅವಳು ಹೇಳಬೇಕಿದ್ದ ಹಾಡು ನನ್ನ ಪಾಲಿಗೆ ಬಂತು.

ಅಲ್ಲಿ ಗೋಡೆಗೆಲ್ಲ ಮೆತ್ತೆ ಬಡಿದ ಕೋಣೆ. ಗಾಜಿನ ಆಚೆ ಕೂತಿದ್ದ ಮನುಷ್ಯ, ಬಳೆ ಸದ್ದು ಬರುತ್ತಿದೆ, ತೆಗೆದಿಡಿ ಎಂದ. ನಮ್ಮಲ್ಲಿ ಹಿರಿಯಳಾದ ಹೆಂಗಸು ಎದ್ದು ನಿಂತೇಬಿಟ್ಟಳು. "ನಮ್ ಗಂಡಂದಿರು ಗುಂಡುಕಲ್ಲಂಗವ್ರೆ. ಬಳೆ ಯಾಕ್ ತೆಗೀಬೇಕು ನಾವು?" ಆತ ತಬ್ಬಿಬ್ಬಾದ. ಕೊನೆಗೆ ಕರ್ಚೀಫು, ರೊಟ್ಟಿ ಕಟ್ಟಿ ತಂದಿದ್ದ ಬಟ್ಟೆ, ಸಿಕ್ಕಿದ್ದೆಲ್ಲ ಹರಿದು ಬಳೆಗಳ ಮೇಲೆ ಸುತ್ತಿಕೊಂಡು, ಕೈ ಸುಟ್ಟುಕೊಂಡವರ ಹಾಗೆ ಸಾಲಾಗಿ ಕೂತು ಹಾಡಿದೆವು. ಕಡೆಯದು ಹೆಣ್ಣು ಒಪ್ಪಿಸುವ ಹಾಡು. ಮೊದಲ ನುಡಿಗಳು ಎಲ್ಲರವು, ಕೊನೆಯ ನುಡಿಗಳು ನನ್ನೊಬ್ಬಳವು.

ನಮಗೆ ಅದನ್ನು ತಿರುಗಿಸಿ ಕೇಳಿಸಲಿಲ್ಲ. ರೇಡಿಯೋದಲ್ಲಿ ಕೇಳಿಕೊಳ್ಳಿ ಎಂದು ದಿನ ಹೇಳಿ ಕಳಿಸಿದರು. ನನ್ನ ದನಿ ಹೊರಗಿನಿಂದ ಹೇಗೆ ಕೇಳುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಅದೊಂದನ್ನು ಕೇಳಬೇಕಿತ್ತು. ಚಿನ್ನ ಬೇಡ, ಸೀರೆ ಬೇಡ, ಅದೊಂದು. ಪಕ್ಕದ ಮನೆಯಿಂದ ಟೇಪ್‌ರೆಕಾರ್ಡರ್ ಇಸ್ಕೊಂಡು ಬನ್ನಿ, ಕ್ಯಾಸೆಟ್ಟಿಗೆ ಹಿಡಿದಿಟ್ಟುಕೊಳ್ಳೋಣ ಎಂದು ಯಜಮಾನರಲ್ಲಿ ಅಂಗಲಾಚಿದೆ.

"ಕ್ಯಾಸೆಟ್‌ಗಾಕುದ್ರೆ ಸೊಯ್ ಅಂತ ಬತ್ತದೆ ಕಣಮ್ಮಿ. ನಿನ್ ದನಿ ನೇರ್ವಾಗ್ ಕೇಳ್ಬೇಕು" ಎಂದರು. ದೊಡ್ಡ ಪಂಡಿತರ ಮಾತು. ನಾನು ನಂಬಿದೆ.

ರೇಡಿಯೋದವರು ಹೇಳಿದ್ದ ದಿನ ಸಂಜೆ ಇವರ ಗೆಳೆಯರು ನಾಲ್ಕಾರು ಜನ ಪಡಸಾಲೆಯಲ್ಲಿ ಬಂದು ಕೂತರು. ಅವರಲ್ಲೊಬ್ಬ ಅವತ್ತೇ ಬೆಂಗಳೂರಿನಿಂದ ಹೊಸ ವೈರಿನ ಸುರುಳಿ ತಂದಿದ್ದ. ಗಾಜಿನಂಥ ಹೊದಿಕೆಯೊಳಗೆ ತಾಮ್ರ ಫಳಫಳ ಕಾಣುತ್ತಿತ್ತು. ಆ ಸುರುಳಿ ಕೈಯಿಂದ ಕೈಗೆ ಹೋಗುತ್ತಿತ್ತು, ಹುಟ್ಟಿದ ಮಗುವನ್ನು ನೋಡುವವರೂ ಅಷ್ಟು ಮೆಲ್ಲಗೆ ಎತ್ತಿಕೊಳ್ಳುವುದಿಲ್ಲ. ನಾನು ಒಲೆಯ ಮೇಲೆ ಕಾಫಿಗೆ ಇಟ್ಟು ಅಡುಗೆಮನೆಯ ಬಾಗಿಲಲ್ಲಿ ನಿಂತೆ. ಹಾಡುಗಳು ಶುರುವಾದವು. ಹಳೇ ವೈರಿನಲ್ಲೇ ಎಷ್ಟು ಚೆನ್ನಾಗಿ ಬರುತ್ತಿತ್ತು ಅಂದರೆ, ನಮ್ಮ ಹಿರಿಯಳು ಉಸಿರು ಎಳೆದುಕೊಳ್ಳುವುದೂ ಕೇಳುತ್ತಿತ್ತು. ಹೆಣ್ಣು ಒಪ್ಪಿಸುವ ಹಾಡು ಬಂತು. ಎಲ್ಲರ ನುಡಿಗಳು ಮುಗಿಯುತ್ತಾ ಬಂದವು. ಇನ್ನು ನನ್ನದೇ ಸರದಿ.

ಆಗ ಎದ್ದರು ಈ ಮಹಾನುಭಾವರು.

"ತಡೀರ್ಲಾ, ಮುಂದ್ಲುದು ಇವ್ಳೊಬ್ಳೇ ಆಡಿರೋದು. ಒಳ್ಳೆ ವೈರಲ್ಲೇ ಕೇಳನ" ಎಂದವರೇ ಸೆಟ್ಟು ಆರಿಸಿ ಹಳೇ ವೈರು ಕಿತ್ತರು.

ಹಾಡು ನಿಂತುಹೋಯಿತು. "ಹಾಕಿ ಬೇಗ" ಎಂದೆ, ಬಾಗಿಲಿಂದಲೇ.

"ಒಂದ್ ನಿಮ್ಸ ಕಣಮ್ಮಿ, ಈಗ ನೋಡು ನಿನ್ ದನಿ ಎಂಗ್ ಬತ್ತದೆ."

ಹಲ್ಲಿನಲ್ಲಿ ವೈರಿನ ಸಿಪ್ಪೆ ಕಚ್ಚಿ ಎಳೆದರು. ತಾಮ್ರದ ಎಳೆಗಳು ಕೆದರಿಕೊಂಡವು. ಅವನ್ನು ಎಂಜಲು ಹಚ್ಚಿ ಹೊಸೆದು ಒಂದು ಸ್ಪೀಕರಿಗೆ ಸಿಕ್ಕಿಸಿದರು. ಗೆಳೆಯ ಅದು ತಿರುಗುಮುರುಗಾಗಿದೆ ಎಂದ. ಮತ್ತೆ ಬಿಚ್ಚಿದರು. ಎಲ್ಲೋ ಗಾಳಿಯಲ್ಲಿ ನಾನು ಹಾಡುತ್ತಿದ್ದೆ, ಕಿರಂಗೂರಿನ ನನ್ನ ಮನೆಯಲ್ಲಿ ನನ್ನ ಗಂಡ ವೈರು ಹೊಸೆಯುತ್ತಿದ್ದರು. ಕೊನೆಗೆ ಸೆಟ್ಟು ಹತ್ತಿತು. ಒಬ್ಬ ಗಂಡಸು ಭತ್ತದ ಸಸಿಮಡಿಗೆ ಗೊಬ್ಬರ ಹಾಕುವ ಬಗೆ ಹೇಳುತ್ತಿದ್ದ.

"ಆಹಾ, ಏನ್ ಕ್ಲಿಯರಾಗದ್ಲಾ" ಎಂದ ಗೆಳೆಯ. ಎಲ್ಲರೂ ತಲೆದೂಗಿದರು. ಗೊಬ್ಬರದ ಮಾತು ಮುಗಿಯುವವರೆಗೂ ಕಿವಿಗೊಟ್ಟು ಕೇಳಿದರು.

ಆಮೇಲೆ ಯಜಮಾನರು ಒಳಗೆ ತಿರುಗಿ "ಕಾಪಿ ತತ್ತಾರಮ್ಮಿ" ಎಂದರು.

"ಒಂದ್ ನಿಮ್ಸ ಇರಿ" ಎಂದೆ. ಕಾಫಿಯನ್ನು ಬಚ್ಚಲಿಗೆ ಸುರಿದು ಹಿತ್ತಲಿಗೆ ಹೋಗಿ ಕೂತೆ. ಬಂದವರು ಕಾದು ಕಾದು ಬರಿಗಂಟಲಲ್ಲಿ ಎದ್ದು ಹೋದರು. ಮನೆಗೆ ಬಂದವರಿಗೆ ಕಾಫಿ ಕೊಡಲಿಲ್ಲವೆಂದು ಇವರು ವಾರ ಮಾತು ಬಿಟ್ಟರು. ಬಿಡಲಿ.

ಹಬ್ಬಕ್ಕೆ ತವರಿಗೆ ಹೋದಾಗ ಅವ್ವ ಬಾಗಿಲಲ್ಲೇ ಹಿಡಿದುಕೊಂಡಳು. ಕೊಟ್ಟಿಗೆಯ ಗೂಟಕ್ಕೆ ಟ್ರಾನ್ಸಿಸ್ಟರ್ ನೇತುಹಾಕಿಕೊಂಡು ಎಮ್ಮೆ ಕರೆಯುತ್ತಾ ಕೇಳಿದ್ದಳಂತೆ. ಅಂಗೈಯಗಲದ ಡಬ್ಬಿ, ಶೆಲ್ಲು ಬೀಳದಂತೆ ರಬ್ಬರ್ ಬ್ಯಾಂಡು ಬಿಗಿದದ್ದು. ಅದಕ್ಕೆ ವೈರೂ ಇಲ್ಲ, ಗೀರೂ ಇಲ್ಲ.

"ಪೂರ್ತಿ ಕೇಳ್ದೇನವ್ವ?" ಎಂದೆ.

"ಪೂರ್ತಿ ಕಣ್ಮಗ. ಕಡೇಲಿ ನೀನೊಬ್ಳೇ ಎತ್ತುದ್ಯಲ್ಲ, ಆಲು ಕರೆಯೋದೇ ನಿಲ್ಸ್ಬುಟ್ಟೆ. ನಮ್ಮವ್ವ ಆಡ್ದಂಗಿತ್ತು."

ಅವಳ ಅವ್ವನನ್ನು ನಾನು ನೋಡಿದವಳಲ್ಲ. ಅವಳ ದನಿ ನನ್ನ ಬಾಯಲ್ಲಿ ಬಂದಿತ್ತಂತೆ. ಎಮ್ಮೆಯೂ ಕೇಳಿಸಿಕೊಂಡಿತು, ನಾನು ಕೇಳಲಿಲ್ಲ. ರೇಡಿಯೋದವರು ಅದನ್ನು ಮತ್ತೆ ಹಾಕಲಿಲ್ಲ. ಈಗ ನನ್ನ ಗಂಟಲು ಬಿದ್ದುಹೋಗಿದೆ, ಆ ನುಡಿಗಳನ್ನು ಎತ್ತಿದರೆ ಕೆಮ್ಮು ಬರುತ್ತದೆ.

ಹೋದ ತಿಂಗಳು ಆ ಚಿನ್ನದ ತುದಿಯ ವೈರು ಸಿಕ್ಕಿಸಿ, ಕುರ್ಚಿ ಎಳೆದು, ನನ್ನನ್ನು ಕರೆದು ಕೂರಿಸಿದರು. ಪ್ರಪಂಚದ ಎಲ್ಲ ಹಾಡೂ ಇದರಲ್ಲಿದೆ, ಯಾವುದು ಹಾಕ್ಲಿ ಹೇಳು ಎಂದರು.

"ಅವತ್ತು ಕಿತ್ತರಲ್ಲ, ಅಲ್ಲಿಂದ ಹಾಕಿ" ಎಂದೆ.

ಯಜಮಾನರು ಕನ್ನಡಕ ಸರಿಮಾಡಿಕೊಂಡು ನನ್ನ ಮುಖ ನೋಡಿದರು.

"ಯಾವತ್ತಮ್ಮಿ?" ಎಂದರು.